ಮಾತು ಕಮ್ಮಿಯ ಸಾರ್ಜೆಂಟ

ಎಪ್ಪತ್ತೆರಡರ ಬರಗಾಲದಲ್ಲಿ, ಭಾಲ್ಕಿಯ ದವಾಖಾನೆಯ ನರ್ಸ್ ಕ್ಯಾಥರಿನಳಿಗೂ ವಾಯುಪಡೆಯ ಸಾರ್ಜೆಂಟನೊಬ್ಬನಿಗೂ ಮದುವೆ ಗೊತ್ತಾಗಿದೆ ಎಂಬುದು ಊರಿಗೆಲ್ಲ ತಿಳಿದಿತ್ತು. ತಿಳಿಯದೆ ಇದ್ದವನು ಆ ಸಾರ್ಜೆಂಟ ಒಬ್ಬನೇ. ಅದರಲ್ಲಿ ಅವನ ತಪ್ಪೂ ಇರಲಿಲ್ಲ, ಯಾಕೆಂದರೆ ಅಂಥವನೊಬ್ಬ ಹುಟ್ಟಿಯೇ ಇರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಅಂಚೆಯ ಮುದ್ರೆ. ನರ್ಸಿಂಗ್ ಕಲಿಯುವ ಕಾಲದಿಂದ ಕ್ಯಾಥರಿನಳಿಗೆ ಹಳೆಯ ಲಕೋಟೆಗಳ ಹುಚ್ಚು. ಅಂಚೆಚೀಟಿ ಕೂಡಿಡುವವರು ಎಲ್ಲ ಕಡೆ ಇರುತ್ತಾರೆ. ಇವಳಿಗೆ ಬೇಕಾದದ್ದು ಚೀಟಿಯ ಮೇಲೆ ಬೀಳುವ ಗುಂಡನೆಯ ಕಪ್ಪು ಮುದ್ರೆ. ಊರ ಹೆಸರು, ತಾರೀಖು, ಒಮ್ಮೊಮ್ಮೆ ನಿಜಾಮರ ಕಾಲದ ಉರ್ದು ಅಕ್ಷರ. ಅವಳಲ್ಲಿದ್ದ ಎಲ್ಲಕ್ಕಿಂತ ಹೆಚ್ಚು ಬೆಲೆಯ ಲಕೋಟೆ ಎರಡನೆಯ ಮಹಾಯುದ್ಧದ ಕಾಲದ್ದು. ಬೀದರದ ಮಿಲಿಟರಿ ಕ್ಯಾಂಪಿನ ಮುದ್ರೆ ಹೊತ್ತ ಅದನ್ನು ಮಿಶನ್ ಬಂಗಲೆಯ ಮಡಮ್ಮನೊಬ್ಬಳು ಕಸಕ್ಕೆ ಹಾಕುವಾಗ ಕಾಡಿ ಬೇಡಿ ಇಸಿದುಕೊಂಡಿದ್ದಳು. ಅದರ ಪಕ್ಕದಲ್ಲಿ ಈಗಿನ ವಾಯುಪಡೆ ಕ್ಯಾಂಪಿನ ಮುದ್ರೆ ಅಂಟಿಸಿದರೆ ಅವಳ ಪುಸ್ತಕದ ಆ ಪುಟಕ್ಕೊಂದು ಜೋಡಿಯಾಗುತ್ತಿತ್ತು. ಆದರೆ ಕ್ಯಾಂಪಿನ ಟಪಾಲು ಡಬ್ಬಿ ಗೇಟಿನ ಒಳಗಿತ್ತು, ಹೊರಗಿನವರಿಗೆ ಪ್ರವೇಶವಿರಲಿಲ್ಲ.

ಅಷ್ಟರಲ್ಲಿ ಸಾಯಗಾಂವದ ಗಿರಿಜಾಬಾಯಿ ಜಜ್ಜಿದ ಬೆರಳಿಗೆ ಪಟ್ಟಿ ಕಟ್ಟಿಸಿಕೊಳ್ಳಲು ದವಾಖಾನೆಗೆ ಬಂದಳು. ಅವಳ ಗಂಡ ಗೋರಖನಾಥ, ಅರ್ಧ ಓಣಿಯ ಜೊತೆ, ಪುಣೆಗೆ ಗಾರೆ ಕೆಲಸಕ್ಕೆ ಹೋಗಿದ್ದ. ಇವಳು ಬೀದರದ ಕ್ಯಾಂಪಿನೊಳಗೆ ರಸ್ತೆಗೆ ಖಡಿ ಒಡೆಯುವ ಕೂಲಿ ಹಿಡಿದಿದ್ದಳು. ವಾರವೆಲ್ಲ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದು ಶನಿವಾರ ಊರಿಗೆ ಬರುತ್ತಿದ್ದಳು.

“ಒಳಗ ಟಪಾಲ ಡಬ್ಬಿ ಅದ ಏನವಾ?” ಕ್ಯಾಥರಿನ ಪಟ್ಟಿ ಸುತ್ತುತ್ತಲೇ ಕೇಳಿದಳು.

“ಅದರಿ ಸಿಸ್ಟರಬಾಯಿ. ನಾವು ನೀರು ಕುಡಿಯೋ ನಳದ ಬಾಜೂಕೇ ಅದ.”

“ಇದನ್ನ ಅದರಾಗ ಹಾಕ್ತೀ?”

ಗಿರಿಜಾಬಾಯಿ ಲಕೋಟೆ ಹೊರಳಿಸಿ ನೋಡಿದಳು. “ಯಾರಿಗ್ರಿ ಇದು?”

“ನನಗ.”

“ನಿಮಗ ನೀವೇ ಕಾಗದ ಬರಕೋತೀರೇನ್ರಿ?”

“ಬರಿಯಂಗಿಲ್ಲ. ಬರೇ ಲಕೋಟಿ ಕಳಸ್ತೇನಿ.”

ಗಿರಿಜಾಬಾಯಿ ಜ್ವರ ಬಂದವರನ್ನು ನೋಡುವ ಹಾಗೆ ನರ್ಸಿನ ಮುಖವನ್ನೇ ನೋಡಿದಳು. ಆಮೇಲೆ ಲಕೋಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ದುಡಿಮೆ, ಧೂಳು ಬಿಟ್ಟರೆ ಬೇರೇನೂ ಇಲ್ಲದ ಆ ವರ್ಷದಲ್ಲಿ ಹೀಗೊಂದು ಹುಚ್ಚು ಕೆಲಸ ಸಿಕ್ಕಿದ್ದು ಅವಳಿಗೂ ಖುಷಿಯೇ.

ಲಕೋಟೆ ಬಂತು. ಮುದ್ರೆ ಮಾತ್ರ ಅರ್ಧ ಬಿದ್ದಿತ್ತು. ಎರಡನೆಯದರ ಮೇಲೆ ಮಸಿ ಕದಡಿ ಬೆಕ್ಕಿನ ಹೆಜ್ಜೆಯಂತಾಗಿತ್ತು. ಕ್ಯಾಂಪಿನ ಟಪಾಲು ಗುಮಾಸ್ತನ ಕೈಗೆ ಅದೇನು ಅವಸರವೋ, ಇನ್ನೊಂದರ ಮೇಲೆ ಮುದ್ರೆ ಚೀಟಿಯನ್ನೇ ಬಿಟ್ಟು ಅವಳ ಹೆಸರಿನ ಮೇಲೆ ಕೂತಿತ್ತು. ಒಂದಾದರೂ ಪೂರಾ ಗುಂಡಗೆ, ಓದಲು ಬರುವ ಹಾಗೆ ಸಿಗಲಿ ಎಂದು ಕ್ಯಾಥರಿನ ಕಳಿಸುತ್ತಲೇ ಹೋದಳು.

ಅಂಚೆಯಣ್ಣ ಸಲಾವೋದ್ದೀನ ಒಂದು ದಿನ ದವಾಖಾನೆಯ ಕಟ್ಟೆಯ ಮುಂದೆ ಸೈಕಲ್ ನಿಲ್ಲಿಸಿ, ಲಕೋಟೆಯನ್ನು ಬಿಸಿಲಿಗೆ ಹಿಡಿದು ನೋಡಿದ.

“ಸಿಸ್ಟರ್, ಇದರಾಗ ಏನೂ ಇಲ್ಲಲ್ರಿ. ಏರಫೋರ್ಸಿನಿಂದ ಬರೋವೆಲ್ಲ ಖಾಲಿ ಲಿಫಾಫಾ.”

ಔಷಧಕ್ಕೆ ಸಾಲಾಗಿ ನಿಂತ ಹೆಂಗಸರೆಲ್ಲ ಇತ್ತ ತಿರುಗಿದರು. ಮುದ್ರೆಯ ವಿಷಯ ಹೇಳಿದರೆ ಗಿರಿಜಾಬಾಯಿಯ ಹೆಸರು ಹೊರಬೀಳುತ್ತದೆ, ಕ್ಯಾಂಪಿನವರು ಅವಳನ್ನು ಬೈಯಬಹುದು. ಏನು ಹೇಳಬೇಕೆಂದು ಯೋಚಿಸುವ ಮೊದಲೇ ಕ್ಯಾಥರಿನಳ ಬಾಯಿಂದ ಮಾತು ಜಾರಿತು.

“ಅವರದು ಮಾತು ಕಮ್ಮಿ.”

ಸಲಾವೋದ್ದೀನ ಲಕೋಟೆಯನ್ನು ಎರಡೂ ಕೈಯಿಂದ, ಪ್ರಸಾದ ಕೊಡುವ ಹಾಗೆ, ಕೊಟ್ಟ. “ಲಿಫಾಫಾ ಖಾಲಿ ಇರ್ಲಿ ಬಿಡ್ರಿ, ದಿಲ್ ಭರ್ತಿ ಅದಲ್ಲ,” ಎಂದ.

ಸಂಜೆಯೊಳಗೆ ಸುದ್ದಿ ಬಸ್‌ಸ್ಟ್ಯಾಂಡ್ ಮುಟ್ಟಿತು. ವಾರದಲ್ಲಿ ಆ ಮಾತು ಕಮ್ಮಿಯವನು ಸಾರ್ಜೆಂಟನಾದ, ಎತ್ತರದವನಾದ, ಅವನಿಗೊಂದು ಮೀಸೆಯೂ ಬಂತು. ಕ್ಯಾಥರಿನ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ತನ್ನ ಅಕ್ಷರದ ಗುರುತು ಸಿಗದಿರಲೆಂದು ಮುಂದಿನ ಲಕೋಟೆಗಳ ವಿಳಾಸವನ್ನು ಎಡಗೈಯಿಂದ ಬರೆದಳು, ಅಷ್ಟೇ. ಅದಕ್ಕೂ ಕಾರಣವಿತ್ತು. ಔರಾದದಲ್ಲಿ ಶಾಲೆ ಕಲಿಸುವ ಅವಳ ಚಿಕ್ಕಮ್ಮ ಸಾರಮ್ಮ, ಹುಮನಾಬಾದದ ವಿಧುರನೊಬ್ಬನಿಗೆ ಇವಳನ್ನು ಕೊಡಬೇಕೆಂದು ಹಟ ಹಿಡಿದಿದ್ದಳು. ಆ ಮನುಷ್ಯ ಊಟಕ್ಕೆ ಮೊದಲು ಅರ್ಧ ಗಂಟೆ ಪ್ರಾರ್ಥನೆ ಮಾಡುವವನು; ಮೊದಲ ಹೆಂಡತಿ ಹಸಿವಿನಿಂದಲೇ ಸತ್ತಿರಬೇಕೆಂದು ಕ್ಯಾಥರಿನಳಿಗೆ ಅನುಮಾನ. ಸಾರ್ಜೆಂಟನ ಸುದ್ದಿ ಔರಾದಕ್ಕೆ ಮುಟ್ಟಿದ್ದೇ ತಡ, ವಿಧುರನ ಮಾತು ನಿಂತಿತು.

ನಿಂತದ್ದು ಸ್ವಲ್ಪ ದಿನ. ಒಂದು ಶುಕ್ರವಾರ ಸಾರಮ್ಮ ಗಂಟು ಹೊತ್ತು ಭಾಲ್ಕಿಗೆ ಬಂದಿಳಿದಳು. ಕುಂತವಳೇ ಹೇಳಿದಳು:

“ಹುಡುಗನ್ನ ನೋಡಿಬಂದೆ. ಚಲೋ ಅದಾನ.”

ಕ್ಯಾಥರಿನ ಚಹಾದ ಕಪ್ಪನ್ನು ಕೆಳಗಿಟ್ಟಳು. “ಯಾವ ಹುಡುಗ್ರೀ ಚಿಗವ್ವ?”

“ಯಾವ ಹುಡುಗ ಅಂತಿ ಮತ್ತ. ನಿನ್ನ ಸಾರ್ಜೆಂಟ. ಬೀದರದಾಗ ಗೇಟಿಗೇ ಹೋಗಿದ್ದೆ. ಶೇಂಗಾ ಹೋಳಿಗಿ ಡಬ್ಬಿ ಕೊಟ್ಟು ಬಂದೀನಿ. ನೀ ಅಂದಿದ್ದು ಖರೆ, ಮಾತು ಭಾಳ ಕಮ್ಮಿ. ನಾಡದು ಐತವಾರ ಚರ್ಚ್ ಮುಗಿದ ಮ್ಯಾಲ ಊಟಕ್ಕ ಕರದೀನಿ.”

ಇಲ್ಲದವನನ್ನು ಚಿಕ್ಕಮ್ಮ ಎಲ್ಲಿಂದ ಹಿಡಿದಳು? ಕ್ಯಾಥರಿನಳಿಗೆ ಒಂದು ಕ್ಷಣ ತಾನೇ ಮರೆತುಬಿಟ್ಟ ಸಾರ್ಜೆಂಟ ಯಾವನಾದರೂ ಇದ್ದಾನೇನೋ ಅನ್ನಿಸಿಬಿಟ್ಟಿತು.

ಮರುದಿನ ಗಿರಿಜಾಬಾಯಿ ಬಂದಳು. ದವಾಖಾನೆಯ ಹಿತ್ತಲಿಗೆ ನರ್ಸನ್ನು ಎಳೆದುಕೊಂಡು ಹೋಗಿ, ಸೆರಗು ಬಾಯಿಗೊತ್ತಿ ನಕ್ಕಳು.

“ನಾ ಏನ್ ಮಾಡ್ಲಿರಿ ಸಿಸ್ಟರಬಾಯಿ. ನಾ ಗೇಟಿನ ಬಾಜೂಕೇ ಖಡಿ ಒಡೀಲಿಕತ್ತಿದ್ದೆ, ನಿಮ್ಮ ಚಿಗವ್ವ ಗೇಟಿನ ಸಿಪಾಯಿಗಿ ಕೇಳಲಿಕತ್ತಿದ್ರು, ಭಾಲ್ಕಿ ನರ್ಸಿಗಿ ಲಕೋಟಿ ಹಾಕೋವ ಯಾಂವ ಅಂತ. ಅಂವಾ ಒಳಗ ಹೋಗಿ ತನಿಖಿ ಮಾಡಿದ್ರ ನಾ ಸಿಗ್ತೇನಿ. ಅಷ್ಟರಾಗ ಒಬ್ಬ ಉದ್ದಾನವ ಸೈಕಲ್ ಮ್ಯಾಲ ಹೊರಗ ಬಂದ. ಅಂವನೇ ನೋಡ್ರಿ ಅಂದುಬಿಟ್ಟೆ.”

“ಆಮ್ಯಾಲ?”

“ನಿಮ್ಮ ಚಿಗವ್ವ ಹ್ಯಾಂಡಲ್ ಹಿಡಿದು ನಿಲ್ಲಿಸಿದ್ರು. ಗದ್ದ ಹಿಡಿದು ಈ ಕಡಿ ಆ ಕಡಿ ಹೊಳ್ಳಿಸಿ ನೋಡಿದ್ರು. ಹಲ್ಲೂ ನೋಡಿದ್ರು. ಅಂವಾ ಕೇರಳದಾವ್ರಿ, ಖರೇನೂ ಸಾರ್ಜೆಂಟನೇ ಅಂತ, ಆದ್ರ ಕನ್ನಡ ಒಂದಕ್ಷರ ತಿಳಿಯಂಗಿಲ್ಲ. ಎಲ್ಲಾದಕ್ಕೂ ಗೋಣು ಹಾಕ್ದ. ಸಿಪಾಯಿ ಹಿಂದಿ ಭಾಷಾದಾಗ ಊಟದ ಮಾತು ತಿಳಿಸಿದ, ಅದಕ್ಕೂ ಗೋಣು ಹಾಕ್ದ.”

ಕ್ಯಾಥರಿನಳಿಗೆ ನಗು ಬಂತು. ಬಂದ ಹಿಂದೆಯೇ ಹೆದರಿಕೆಯೂ ಬಂತು. ಅವನು ಬರಲಿಕ್ಕಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಗುರುತಿಲ್ಲದ ಮುದುಕಿ ಕರೆದಳೆಂದು ಯಾರು ಭಾಲ್ಕಿಯ ತನಕ ಬರುತ್ತಾರೆ?

ಅವನು ಬಂದ. ಐತವಾರ ಮಧ್ಯಾಹ್ನ ಸಲಾವೋದ್ದೀನನೇ ಮುಂದೆ ನಿಂತು, ಮೆರವಣಿಗೆಯಂತೆ ಓಣಿಯ ಮಂದಿಯನ್ನು ಹಿಂದೆ ಹಾಕಿಕೊಂಡು, ಮನೆ ತೋರಿಸಿದ. ಬಾಗಿಲಲ್ಲಿ ಇಸ್ತ್ರಿಯ ಅಂಗಿ ತೊಟ್ಟ ಎತ್ತರದ ಮನುಷ್ಯ ನಿಂತಿದ್ದ. ಮೀಸೆಯೂ ಇತ್ತು. ಕೈಯಲ್ಲಿ ಸಾರಮ್ಮನ ಹೋಳಿಗೆಯ ಡಬ್ಬಿ, ಖಾಲಿ ಕೊಡಬಾರದೆಂದು ಅದರ ತುಂಬ ಬಾಳೆಕಾಯಿಯ ಚಿಪ್ಸು. ಅವನ ಪಕ್ಕದಲ್ಲಿ ಗುಂಡುಮುಖದ ಒಬ್ಬ ಹೆಂಗಸು. ಅವಳ ಕಂಕುಳಲ್ಲಿ ಒಂದು ಕೂಸು.

ಸಾರಮ್ಮ ರೇಷ್ಮೆ ಸೀರೆ ಉಟ್ಟು ನಿಂತವಳು ಕ್ಯಾಥರಿನಳ ಕಿವಿಗೆ ಬಾಗಿದಳು. “ಅಕಿ ಯಾರು?”

“ಹೆಂಡ್ತಿ ಇರಬೇಕ್ರಿ.”

“ಯಾರ ಹೆಂಡ್ತಿ?”

ಕ್ಯಾಥರಿನ ಬಂದವರನ್ನು ಚಾಪೆಯ ಮೇಲೆ ಕೂಡಿಸಿ, ನೀರು ಕೊಟ್ಟು, ಚಿಕ್ಕಮ್ಮನನ್ನು ಅಡುಗೆಮನೆಗೆ ಕರೆದೊಯ್ದಳು. ಅಲ್ಲಿ ಎಲ್ಲವನ್ನೂ ಹೇಳಿದಳು. ಮುದ್ರೆ, ಲಕೋಟೆ, ಗಿರಿಜಾಬಾಯಿ, ಎಡಗೈ ಬರಹ, ಹುಮನಾಬಾದದ ವಿಧುರ.

ಸಾರಮ್ಮ ಸಾರಿನ ಪಾತ್ರೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು. “ಹಂಗಾದ್ರ ಪರಾಯಿ ಗಂಡಸಿನ ಹಲ್ಲು ನೋಡಿದಂಗಾಯ್ತಲ್ಲ ನಾ,” ಎಂದಳು. ಆಮೇಲೆ, “ಅಂವಗ ನೀನೇ ಹೇಳು. ನಾ ಹೊರಗ ಬರಂಗಿಲ್ಲ.”

ಕ್ಯಾಥರಿನ ತನ್ನ ದೊಡ್ಡ ಪುಸ್ತಕವನ್ನು ಹೊರಗೆ ತಂದು ಸಾರ್ಜೆಂಟನ ಮುಂದೆ ಬಿಚ್ಚಿದಳು. ತನ್ನ ಹರಕುಮುರುಕು ಹಿಂದಿಯಲ್ಲಿ, ಕಿವಿ ಕೆಂಪಾಗಿಸಿಕೊಂಡು, ಕತೆ ಹೇಳಿದಳು. ಅವನು ಅರ್ಧ ಬಿದ್ದ ಮುದ್ರೆಗಳನ್ನು ಒಂದೊಂದಾಗಿ ನೋಡಿದ. ನಗಲಿಲ್ಲ. ಕೂಲಿಗೆ ಬಂದವರು ಒಳಗೆ ಹೊರಗೆ ಏನನ್ನೂ ಸಾಗಿಸಬಾರದು, ಯಾರಾದರೂ ನೋಡಿದ್ದರೆ ಆ ಹೆಂಗಸಿನ ಕೆಲಸ ಅಂದೇ ಹೋಗುತ್ತಿತ್ತು ಎಂದು ಮೆಲ್ಲಗೆ ಹೇಳಿದ.

ಕ್ಯಾಥರಿನಳ ಮುಖ ಬಾಡಿತು. ಈ ವರ್ಷ ಆ ಕೂಲಿ ಹೋದರೆ ಗಿರಿಜಾಬಾಯಿ ಏನು ತಿನ್ನುತ್ತಿದ್ದಳು? ಹೆಚ್ಚೆಂದರೆ ಬೈಗುಳ ಬಿದ್ದೀತು ಎಂದುಕೊಂಡಿದ್ದಳು; ಕೂಲಿಯೇ ಹೋದೀತೆಂದು ಒಮ್ಮೆಯೂ ಹೊಳೆದಿರಲಿಲ್ಲ. ಇನ್ನು ಕಳಿಸುವುದಿಲ್ಲ ಎಂದಳು. ಆ ಮಾತಿನಲ್ಲಿ ತುಂಟತನ ಇರಲಿಲ್ಲ.

ಆಗ ಅವನ ಹೆಂಡತಿ ಮಲಯಾಳಂನಲ್ಲಿ ಏನೋ ಕೇಳಿದಳು. ಅವನು ಗದ್ದ ಹಿಡಿದದ್ದನ್ನು, ಹಲ್ಲು ತೋರಿಸಿದ್ದನ್ನು ಅಭಿನಯಿಸಿ ವಿವರಿಸಿದ. ಅವಳು ಕೂಸನ್ನು ಕೆಳಗಿಟ್ಟು, ಗೋಡೆಗೆ ಆನಿಕೊಂಡು ಕಣ್ಣೀರು ಬರುವ ತನಕ ನಕ್ಕಳು. ಬರಗಾಲದಲ್ಲಿ ಪರಸ್ಥಳದವರನ್ನು ಹಿಡಿದು ಉಣ್ಣಿಸುವುದು ಈ ಕಡೆಯ ಪದ್ಧತಿ ಇರಬೇಕೆಂದು ಇಬ್ಬರೂ ತಿಳಿದಿದ್ದರಂತೆ. ನಗು ಕೇಳಿ ಸಾರಮ್ಮ ತಾನಾಗಿಯೇ ಹೊರಗೆ ಬಂದಳು. ಕೂಸು ಅವಳ ರೇಷ್ಮೆ ಸೆರಗು ಹಿಡಿದು ಎಳೆಯಿತು. ಅವಳು ಅದನ್ನೆತ್ತಿ ಸೊಂಟಕ್ಕಿಟ್ಟುಕೊಂಡಳು, ಎಲ್ಲರಿಗೂ ಬಡಿಸಿದಳು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಸಲಾವೋದ್ದೀನ ಸಾರಮ್ಮನನ್ನು ತಡೆದು ನಿಲ್ಲಿಸಿದ. “ಹುಡುಗನ ಅಕ್ಕಾನೂ ಬಂದು ನೋಡಿ ಹೋದ್ರಲ್ಲ. ಶಾದಿ ಯಾವಾಗ್ರಿ?”

“ನಾವೇ ಬ್ಯಾಡ ಅಂದ್ವಿ,” ಸಾರಮ್ಮ ಕಣ್ಣು ಮಿಟುಕಿಸದೆ ಹೇಳಿದಳು. “ಹುಡುಗ ಭಾಳ ಮಾತಾಡ್ತಾನ.”

ಸಾರ್ಜೆಂಟನನ್ನೇ ಒಲ್ಲೆ ಎಂದ ಮನೆತನ ತನ್ನನ್ನು ಒಪ್ಪೀತೇ ಎಂದು ಹುಮನಾಬಾದದ ವಿಧುರ ಬೇರೆ ಕಡೆ ನೋಡಿಕೊಂಡ. ಸಾರ್ಜೆಂಟ ತಾನೇ ಒಂದು ಲಕೋಟೆ ಟಪಾಲಿಗೆ ಹಾಕಿ, ಗುಮಾಸ್ತನಿಗೆ ಹೇಳಿ ಗುಂಡನೆಯ ಮುದ್ರೆ ಹೊಡೆಸಿ ಕಳಿಸಿದ. ಕ್ಯಾಥರಿನ ಅದನ್ನು ಯುದ್ಧಕಾಲದ ಲಕೋಟೆಯ ಪಕ್ಕಕ್ಕೆ ಅಂಟಿಸಿದಳು. ಗಿರಿಜಾಬಾಯಿ ಖಡಿಯ ಕೆಲಸ ಮುಗಿದ ಮೇಲೆ ಗಂಡನಿದ್ದ ಪುಣೆಗೆ ಹೋದಳು. ಕ್ಯಾಥರಿನ ರೊಟ್ಟಿಯ ಗಂಟು, ಜ್ವರದ ಗುಳಿಗೆ ಕಟ್ಟಿಕೊಟ್ಟು ರೈಲು ಹತ್ತಿಸಿ ಬಂದಳು.

ಸಾರಮ್ಮ ಮಾತ್ರ ತಿಂಗಳಿಗೊಮ್ಮೆ ಔರಾದದಿಂದ ಬೀದರಕ್ಕೆ ಹೋಗುವುದನ್ನು ರೂಢಿ ಮಾಡಿಕೊಂಡಳು. ಸಾರ್ಜೆಂಟನ ಮನೆಯಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು, ಅವನ ಹೆಂಡತಿಗೆ ಕನ್ನಡದಲ್ಲೇ ಬುದ್ಧಿ ಹೇಳುತ್ತಿದ್ದಳು, ಮೀನಿನ ಸಾರು ಕಲಿತಳು. ಮುಂದೆ ಮಳೆಯಾಗಿ, ಅವನಿಗೆ ಅಸ್ಸಾಮಿಗೆ ವರ್ಗವಾದಾಗ, ಬೀದರದ ಸ್ಟೇಶನ್ನಿನಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವಳು ಅವಳೇ.