ಬೊಮ್ಮಿಯ ಮಣಿಸರದ ಚೀಟಿ

ಹಳೆಯ ಮಣಿಸರದ ಆರನೆಯ ಎಳೆ ಮತ್ತೆ ಪೋಣಿಸುತ್ತಿದ್ದಾಗ ವೀಣಾಳ ಬೆರಳಿಗೆ ಆ ಗುಂಡಿ ಸಿಕ್ಕಿತು. ಬಿಳಿ ಗುಂಡಿ, ನಾಲ್ಕು ತೂತು, ಒಂದು ಕಡೆ ಅಂಚು ಮುರಿದಿತ್ತು.

ಅವಳು ಸೂಜಿ ಕೆಳಗಿಡಲಿಲ್ಲ. ಇನ್ನೂ ಹತ್ತು ಕರಿಮಣಿ ಪೋಣಿಸಿದಳು. ಆಮೇಲೆ ಗುಂಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆ ಅಂಚು ಮುರಿದದ್ದು ತನ್ನದೇ ಹಲ್ಲಿನಿಂದ. ನಾಲ್ಕನೆಯ ಇಯತ್ತೆಯಲ್ಲಿ ಪಾಠ ಬಾಯಿಗೆ ಬರದಿದ್ದಾಗಲೆಲ್ಲ ಅವಳು ಶಾಲೆಯ ಅಂಗಿಯ ಕುತ್ತಿಗೆ ಗುಂಡಿ ಕಚ್ಚುತ್ತಿದ್ದಳು. ಅಂಗಿ ಹರಿದ ಮೇಲೆ ಅವ್ವ ಆ ಗುಂಡಿಯನ್ನು ತನ್ನ ಮಣಿಸರಕ್ಕೆ ಕೊಕ್ಕೆಯ ಬದಲು ಹಾಕಿಕೊಂಡಿದ್ದಳು.

"ಎಂತ ನೋಡ್ತ್ರಿ ಅಕ್ಕೋರೆ?" ಎನ್ನುತ್ತ ಶಿವಾನಂದ ಮಾಸ್ತರರು ಒಳಗೆ ಬಂದರು. ಕಾರವಾರದ ತಮ್ಮ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಅವರು ಜಾನಪದ ಸಂಗ್ರಹಾಲಯ ಮಾಡುತ್ತಿದ್ದರು. ಭಾನುವಾರ ಉದ್ಘಾಟನೆ. ಹೊಲಿಗೆ ಶಿಕ್ಷಕಿ ವೀಣಾ ಪರದೇಶದ ಸಂಗ್ರಹಾಲಯದಲ್ಲಿ ಕೆಲಸ ಕಲಿತು ಬಂದಿದ್ದಾಳೆಂದು ಕೇಳಿ, ಬಿಣಗಾದ ಅವಳ ಮನೆಗೇ ಹೋಗಿ ಕರೆತಂದಿದ್ದರು.

"ಅದು ಶಂಖದ ಗುಂಡಿ. ನೂರು ವರ್ಷ ಹಳೇದು. ಅದರ ಮೇಲೇ ಒಂದು ಲೇಖನ ಬರ್ದಿದ್ದೆ ನಾನು."

"ಹೌದಾ ಮಾಸ್ತರ್ರೆ? ತೂತು ಭಾರಿ ಸಮ ಅದೆ."

"ಆ ಕಾಲದ ಕೈಗೆಲಸ ನೋಡ್ರಿ! ಈಗಿನೋರಿಗೆ ಬತ್ತದ್ಯಾ?"

"ಯಾರು ಕೊಟ್ರು?"

"ಅಂಕೋಲೆ ಬದಿ ಒಂದು ಹೆಂಗ್ಸು. ಹೆಸರೆಲ್ಲ ಎಲ್ಲಿ ನೆನಪಿರ್ತದೆ? ಖುಷಿಯಿಂದ ಕುತ್ತಿಗೆಯಿಂದ ತೆಗ್ದು ಕೊಟ್ಳು."

ವೀಣಾ ನಕ್ಕಳು. ಅಷ್ಟು ಚೆಂದ ನಗಲು ತನಗೆ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಅವ್ವನ ಹೆಸರು ಬೊಮ್ಮಿ. ಕಾರವಾರದ ಯಾವನೋ ಮಾಸ್ತರ ಸ್ಕೂಟರಿನಲ್ಲಿ ಅವರ ಕೇರಿಗೆ, ಅಂಕೋಲೆ ಬದಿಯ ಕೊಪ್ಪಕ್ಕೆ ಬಂದು, ಫೋಟೋ ತೆಗೆದು ನಾಡಿದ್ದು ತಂದುಕೊಡುತ್ತೇನೆಂದು ಸರ ಒಯ್ದಿದ್ದ. ಆಗ ವೀಣಾ ಶಾಲೆಯಲ್ಲಿದ್ದಳು, ಅವನ ಮುಖ ನೋಡಿರಲಿಲ್ಲ. ನಾಡಿದ್ದು ಬರಲೇ ಇಲ್ಲ. ಕೊಪ್ಪದ ಹೆಂಗಸರಿಗೆ ಕುತ್ತಿಗೆ ತುಂಬ ಮಣಿಯೇ ಮಾನ. ಬೊಮ್ಮಿ ಕುತ್ತಿಗೆ ಮಾರಿಕೊಂಡಳು ಎಂದು ಕೊಪ್ಪ ಆಡಿಕೊಂಡಿತು. ಎಲ್ಲರಿಗಿಂತ ದೊಡ್ಡ ಬಾಯಿ ಅವ್ವನ ತಂಗಿ ಹೊನ್ನುವಿನದು. ಬೊಮ್ಮಿ ಅಂಕೋಲೆ ಸಂತೆಗೆ ಸೊಪ್ಪು ಹೊರುವುದು ಬಿಟ್ಟಳು, ಮದುವೆ ಮನೆಗೆ ಹೋಗುವುದು ಬಿಟ್ಟಳು. ಐವತ್ತೆರಡಕ್ಕೆ ಸತ್ತಾಗ ಹೊನ್ನು ಅಂಗಡಿಯ ಮಣಿ ತಂದು ಹೆಣಕ್ಕೆ ಹಾಕಿ, "ಸತ್ತ ಮೇಲಾರೂ ಮಾನ ಇರ್ಲಿ" ಅಂದಿದ್ದಳು. ಆ ಮಾತು ವೀಣಾಳ ಗಂಟಲಲ್ಲಿ ಇಂದಿಗೂ ಮೀನಿನ ಮುಳ್ಳಿನಂತೆ ಇತ್ತು.

ಅವಳ ಗಂಡ ಅಶೋಕನಿಗೆ ರಾಟರ್‌ಡ್ಯಾಮಿನಲ್ಲಿ ಹಡಗು ರಿಪೇರಿಯ ಕೆಲಸ ಸಿಕ್ಕಿ ಇಬ್ಬರೂ ಎರಡು ವರ್ಷ ಅಲ್ಲಿದ್ದರು. ಅಲ್ಲಿನ ಆಫ್ರಿಕನ್ ಪರಂಪರೆಯ ಒಂದು ಚಿಕ್ಕ ಸಂಗ್ರಹಾಲಯಕ್ಕೆ ಅವಳು ವಾರಕ್ಕೆ ಎರಡು ದಿನ ಸಂಬಳವಿಲ್ಲದ ಕೆಲಸಕ್ಕೆ ಹೋಗುತ್ತಿದ್ದಳು. ಮೊದಲ ದಿನ ಕಾಂಗೋದ ಒಂದು ಮಣಿಪಟ್ಟಿ ಅವಳ ಮುಂದೆ ಬಂತು. ದಾರ ಕೊಳೆತಿತ್ತು. ಮಣಿ ಮಾತ್ರ ಅಂಕೋಲೆ ಸಂತೆಯಲ್ಲಿ ಸಿಗುವಂಥದೇ ಗಾಜು. ಅವಳ ಬೆರಳು ಓಡುವುದನ್ನು ನೋಡಿ ಅಲ್ಲಿನ ಮೇಲ್ವಿಚಾರಕಿ ಅಡೆಲ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದಳು. ಅಡೆಲ್‌ಳ ಅಜ್ಜಿ ಕಾಂಗೋದವಳು.

ಅಲ್ಲಿ ಪ್ರತಿ ವಸ್ತುವಿಗೂ ಒಂದು ಚೀಟಿ. ಅದರಲ್ಲಿ 'ಹೇಗೆ ಬಂತು' ಎಂಬ ಸಾಲು. ಮಣಿಪಟ್ಟಿಯ ಚೀಟಿಯಲ್ಲಿ 'ಮುಖಂಡನ ಹೆಂಡತಿಯ ಕೊಡುಗೆ' ಎಂದಿತ್ತು. ಅದನ್ನು ಕಾಂಗೋದಿಂದ ತಂದ ಬಿಳಿಯ ಅಧಿಕಾರಿಯ ಹಳೆಯ ಪತ್ರ ಸಿಕ್ಕಾಗ, ಅದೇ ದಿನ ಅವನ ಜನ ಆ ಊರಿಗೆ ಬೆಂಕಿ ಇಟ್ಟದ್ದು ತಿಳಿಯಿತು. ವೀಣಾ ಹಳೆಯ ಸಾಲು ಹೊಡೆದುಹಾಕಲು ಹೋದಾಗ ಅಡೆಲ್ ಕೈ ಹಿಡಿದಳು. ಸುಳ್ಳನ್ನು ಅಳಿಸಬಾರದು, ಅದರ ಕೆಳಗೇ ನಡೆದದ್ದು ಬರೆಯಬೇಕು ಎಂದಳು. ಅಳಿಸಿದರೆ ಸುಳ್ಳು ಹೇಳಿದವನು ಪಾರಾಗುತ್ತಾನೆ. ಆಮೇಲೆ ಬಂದವರೆಲ್ಲ ಮಣಿಪಟ್ಟಿಗಿಂತ ಹೆಚ್ಚು ಹೊತ್ತು ಚೀಟಿಯ ಮುಂದೆ ನಿಲ್ಲುತ್ತಿದ್ದರು.

ಗುರುವಾರ ವೀಣಾ ಕೊಪ್ಪಕ್ಕೆ ಹೋದಳು. ಹೊನ್ನು ಅಂಗಳದಲ್ಲಿ ಹರಿವೆ ಸೊಪ್ಪು ಕಟ್ಟುತ್ತಿದ್ದಳು.

"ಚಿಕ್ಕವ್ವ, ಆಯ್ತಾರ ಕಾರವಾರಕ್ಕೆ ಬತ್ತ್ಯಾ? ಅವ್ವನ ಸರ ತೋರಿಸ್ತೆ."

ಹೊನ್ನುವಿನ ಕೈ ನಿಂತಿತು. "ಮಾರಿದ್ದು ನಿಂಗೆಲ್ಲಿ ಸಿಕ್ತೇ?"

"ಮಾರಿದ್ದಲ್ಲ. ಅದು ಹೇಗೆ ಬಂತು ಅಂತ ಅಲ್ಲಿ ಚೀಟಿ ಇಡ್ತ್ರು."

"ಚೀಟಿ ತಕಂಡು ನಾ ಎಂತ ಮಾಡ್ಲೇ ಕೂಸೆ? ಓದೂಕೆ ಬತ್ತದ್ಯಾ ನಂಗೆ? ನೀ ಓದಿ ಹೇಳ್ರೆ, ಮಗಳಲ್ವಾ, ಹಂಗೇ ಹೇಳ್ತದೆ ಅಂಬ್ರು. ದೊಡ್ಡೋರು ಹೇಳ್ರೆ ಕೊಪ್ಪ ನಂಬ್ತದೆ."

"ಹಂಗಾರೆ ದೊಡ್ಡೋರೇ ಹೇಳ್ಲಿ."

"ಚಾ ಕೊಡ್ತ್ರ್ಯಾ?"

"ಚಾ, ಅವಲಕ್ಕಿ, ಎರಡೂ."

"ಟೆಂಪೋ ತುಂಬ ಬತ್ರು ನೋಡು ಮತ್ತೆ."

ಕೊಪ್ಪದ ಹೆಂಗಸರು ಬರುತ್ತಾರೆಂದು ಕೇಳಿ ಮಾಸ್ತರರಿಗೆ ಹಿಗ್ಗೋ ಹಿಗ್ಗು. "ಮಣಿ ಹಾಕ್ಕಂಡೇ ಬರ್ಲಿ ಅಕ್ಕೋರೆ, ಮುಂದಿನ ಸಾಲಲ್ಲಿ ಕೂರ್ಸುವ. ಫೋಟೋ ಚೆಂದ ಬತ್ತದೆ." ವೀಣಾ ಬರೆದುಕೊಟ್ಟ ಚೀಟಿಗಳನ್ನೆಲ್ಲ ನೋಡಿ ಒಪ್ಪಿದರು. ಮಣಿಸರದ್ದರಲ್ಲಿ ಒಂದೇ ತಿದ್ದುಪಡಿ ಮಾಡಿದರು: 'ಸಂಗ್ರಹಿಸಿದ್ದು' ಎಂದಿದ್ದಲ್ಲಿ 'ನಾನು ಸಂಗ್ರಹಿಸಿದ್ದು' ಎಂದಾಗಬೇಕು. ಅದರ ಮೇಲೊಂದು ರೇಷ್ಮೆ ಬಟ್ಟೆ ಮುಚ್ಚಬೇಕು. ಅತಿಥಿಗಳು ಬಟ್ಟೆ ಸರಿಸುತ್ತಾರೆ, ಮೈಕು ಹಿಡಿದು ಮಾಸ್ತರರೇ ಓದುತ್ತಾರೆ.

"ನೀವೇ ಓದ್ಬೇಕು ಮಾಸ್ತರ್ರೆ," ಎಂದಳು ವೀಣಾ. "ನಿಮ್ಮ ದನಿಯಲ್ಲೇ ಕೇಳ್ಬೇಕು ಅದು."

ಶನಿವಾರ ಮಧ್ಯಾಹ್ನ ಅವರು ಊಟಕ್ಕೆ ಮೇಲೆ ಹೋದಾಗ ಅವಳು ಕೊನೆಯ ಎಳೆಗೆ ಗಂಟು ಹಾಕಿ ಗುಂಡಿಯನ್ನು ಬಿಗಿದಳು. ಹೊಸ ಚೀಟಿ ತೆಗೆದು ಮೊದಲಿಗೆ ಅವರ ಸಾಲನ್ನೇ ಬರೆದಳು, ಒಂದು ಅಕ್ಷರ ಬಿಡದೆ: ನಾನು ಸಂಗ್ರಹಿಸಿದ್ದು, ಅಂಕೋಲೆ ಬದಿಯ ಒಬ್ಬ ಹೆಂಗಸಿನ ಕೊಡುಗೆ. ಅದರ ಕೆಳಗೆ 'ಶಿವಾನಂದ ಮಾಸ್ತರರು' ಎಂದು ಶುರುಮಾಡಿ, ನಿಲ್ಲಿಸಿ, ಆ ಚೀಟಿ ಹರಿದಳು. ಇನ್ನೊಂದು ತೆಗೆದಳು. ಮೇಲೆ ಅದೇ ಸಾಲು. ಕೆಳಗೆ:

'ನಾನು ಹೇಳಿದ್ದು ಸುಳ್ಳು. ಈ ಸರ ಬೊಮ್ಮಿಯದು. ನಾಡಿದ್ದು ತಂದುಕೊಡುತ್ತೇನೆಂದು ಒಯ್ದೆ, ಕೊಡಲಿಲ್ಲ. ಬೊಮ್ಮಿ ಮಾರಲಿಲ್ಲ. ಗುಂಡಿ ಅವಳ ಮಗಳ ಶಾಲೆಯ ಅಂಗಿಯದು.'

ಮೈಕು ಸಿಕ್ಕರೆ ಮಾಸ್ತರರ ಬಾಯಿ ಕಣ್ಣಿಗಿಂತ ಮುಂದೆ ಓಡುತ್ತದೆ. ಎಲ್ಲಿಯವರೆಗೆ ಓಡೀತು? ಎರಡನೆಯ ಸಾಲಿನವರೆಗೆ ಖಂಡಿತ. ಅಲ್ಲಿ ನಿಂತರೆ ಹೊನ್ನುವಿನ ಪಕ್ಕದಿಂದ ತಾನು ಎದ್ದು ನಿಲ್ಲುವುದು. "ಮುಂದೆ ಓದ್ರಿ ಮಾಸ್ತರ್ರೆ" ಅನ್ನುವುದು. ಅವರು ಕೊನೆಯ ಸಾಲು ಓದುವವರೆಗೂ ಕೂರುವುದಿಲ್ಲ.

ಚೀಟಿ ಇಟ್ಟು ರೇಷ್ಮೆ ಬಟ್ಟೆ ಮುಚ್ಚಿದಳು. ಅಶೋಕ ಫೋನ್ ಮಾಡಿ ಕೆಲಸ ಮುಗಿಯಿತೇ ಎಂದು ಕೇಳಿದ.

"ಮುಗೀತು," ಎಂದಳು. "ಬರ್ತಾ ಬಂಗ್ಡೆ ತರ್ಲಾ?"