ಸಿಂಹಾಸನದ ಹಿಂದಿನ ಸ್ಟೂಲು

ಚಳಿ ಮುಗಿದು ಸೆಕೆ ಆಗತಾನೇ ಕಾಲಿಡುತ್ತಿದ್ದ ದಿನಗಳು. ಸಂಜೆ ಆರರ ಆಟದಲ್ಲಿ ದೊರೆ ಸಿಂಹಾಸನದ ಮೂರನೆಯ ಮೆಟ್ಟಿಲು ಹತ್ತುವಾಗ ಮಂಡಿ ಕೈಕೊಟ್ಟಿತು. ಮಗನಿಗೆ ಮರಣದಂಡನೆ ಹೇಳಬೇಕಾದ ರಾಜ ಕಿರೀಟದ ಸಮೇತ ಮುಗ್ಗರಿಸಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದು ಹೆಂಗಸರದೇ ನಾಟಕ ಕಂಪನಿ. ಹಳೆಯ ನಾಟಕಗಳ ಕಾವಲುಗಾರನಿಂದ ಹಿಡಿದು ರಾಜನವರೆಗೆ ಎಲ್ಲ ಪಾರ್ಟೂ ಹೆಂಗಸರದೇ. ಇಪ್ಪತ್ತೆರಡು ವರ್ಷ ರಾಜನಾಗಿದ್ದ ಆಕೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವಳು ದೊರೆ. ಅವಳಿಗೆ ಬೇರೆ ಮನೆಯೂ ಇರಲಿಲ್ಲ.

ಮಾರನೆಯ ದಿನ ಕಂಪನಿಯ ಯಜಮಾನಿ ರಾಜನ ಮೀಸೆಯನ್ನು ದೊರೆಯ ತಂಗಿಯ ಮಗಳಿಗೆ ಅಂಟಿಸಿದಳು. ಹುಡುಗಿಗೆ ಎತ್ತರವಿತ್ತು, ನಡಿಗೆಯಿತ್ತು. ಗಂಟಲು ಮಾತ್ರ ಗುಬ್ಬಿಯದು. ಆ ನಾಟಕದಲ್ಲಿ ರಾಜ ಮಾತಾಡುವುದೆಲ್ಲ ಕೂತಲ್ಲಿಂದಲೇ. ಹಾಗಾಗಿ ಸಿಂಹಾಸನದ ಹಿಂದೆ, ಪರದೆಯ ಮರೆಯಲ್ಲಿ ಒಂದು ಸ್ಟೂಲು ಬಂತು. ದೊರೆ ಅಲ್ಲಿ ಕೂತು ಮಾತಾಡಬೇಕು, ಹುಡುಗಿ ಮುಂದೆ ತುಟಿ ಆಡಿಸಬೇಕು.

"ದನಿ ಇರೋವರೆಗೂ ನಿನಗಿಲ್ಲಿ ಜಾಗ ಇದೆ," ಎಂದಳು ಯಜಮಾನಿ.

ಮೊದಲ ದಿನ ತುಟಿ ಒಂದು ಕಡೆ, ಮಾತು ಒಂದು ಕಡೆ. ಮುಂದಿನ ಸಾಲಿನವರು ಕಿಸಕ್ಕೆಂದರು. ಈ ಸ್ಟೂಲೂ ಹೋದೀತೆಂದು ದೊರೆ ಹೆದರಿದಳು. ಅಂದಿನಿಂದ ದಿನಾ ಮಧ್ಯಾಹ್ನ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಎಲ್ಲಿ ಉಸಿರು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೇಳಿಕೊಟ್ಟಳು. ಬರೀ ತುಟಿ ಸಾಲದು, ದನಿ ಹೊಟ್ಟೆಯಿಂದ ಏಳಬೇಕು, ಆಗಲೇ ಮುಖ ನಂಬಿಸುತ್ತದೆ ಎಂದಳು. ಹುಡುಗಿ ತಲೆಯಾಡಿಸುತ್ತ ಎಲ್ಲವನ್ನೂ ನುಂಗಿಕೊಂಡಳು. ಒಂದು ದಿನ ಇದನ್ನು ಬಾಗಿಲಲ್ಲಿ ನಿಂತು ನೋಡಿದ ಯಜಮಾನಿ ಪಾಠ ಮುಗಿಯುವವರೆಗೂ ಕದಲಲಿಲ್ಲ.

ಮೂರು ವಾರ ಕಳೆದು ಶನಿವಾರದ ಆಟ. ಕಡೆಯ ಮಾತಿಗೆ ದೊರೆ ಉಸಿರು ತುಂಬಿಕೊಂಡು ಬಾಯಿ ತೆರೆದಳು. ತೆರೆದ ಬಾಯಿ ತೆರೆದೇ ಇತ್ತು. ಪರದೆಯ ಆಚೆ, ಸಿಂಹಾಸನದಿಂದ ಮಾತು ಆಗಲೇ ಹೊರಟಿತ್ತು.

"ಮಗನೆಂದು ಬಿಟ್ಟರೆ ಈ ಸಿಂಹಾಸನ ಯಾಕೆ?"

ತನ್ನದೇ ದನಿ. 'ಸಿಂಹಾಸನ'ಕ್ಕೆ ಮುಂಚೆ ಅವಳಿಗೆ ಹತ್ತು ವರ್ಷದಿಂದ ಅಂಟಿಕೊಂಡಿದ್ದ ಸಣ್ಣ ಕೆಮ್ಮೂ ಅದರಲ್ಲಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪರದೆ ಬಿದ್ದ ಮೇಲೆ ಯಜಮಾನಿ ಬಂದಳು. "ಏಳು ದೊರೆ. ಈ ಸ್ಟೂಲು ಬಾಗಿಲಲ್ಲಿ ಟಿಕೆಟ್ ಹರಿಯೋಳಿಗೆ ಬೇಕು. ಪಾಪ, ನಿಂತೇ ಇರ್ತಾಳೆ."

ಹುಡುಗಿ ಕನ್ನಡಿಯ ಮುಂದೆ ಮೀಸೆ ಕೀಳುತ್ತಿದ್ದಳು. ತಿರುಗದೆಯೇ ಕೇಳಿದಳು, "ದೊಡ್ಡಮ್ಮ, ಕೆಮ್ಮು ಸರಿಯಾಗಿ ಬಂತಾ?"

ದೊರೆ ಗೋಡೆ ಹಿಡಿದುಕೊಂಡು ಸ್ಟೂಲಿನಿಂದ ಎದ್ದಳು.

"ಒಂಚೂರು ಬೇಗ ಬಂತು," ಎಂದಳು.

ಭಾನುವಾರ ಎರಡು ಆಟ. ಎರಡರಲ್ಲೂ ಕೆಮ್ಮು ತನ್ನ ಜಾಗಕ್ಕೇ ಬಂತು. ದೊರೆ ಕಂಪನಿ ಬಿಟ್ಟು ಹೋದದ್ದು ಸೋಮವಾರ, ಆಟವಿಲ್ಲದ ದಿನ. ಬಾಗಿಲಲ್ಲಿ ಸ್ಟೂಲು ಖಾಲಿಯಿತ್ತು, ಅವಳು ಕೂರಲಿಲ್ಲ.