ಮಡಚದ ಬೆರಳುಗಳು

ಬಸವಣಪ್ಪ ಬಿಳಿ ಬಟ್ಟೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪರ್ರನೆ ಹರಿದ. ತಂಗಿ ತೀರಿದ ಸುದ್ದಿ ತಿಳಿದು ಬಸವಕಲ್ಯಾಣದಿಂದ ಮೊದಲ ಬಸ್ಸಿಗೇ ಬಂದಿದ್ದ. ಸುಂದರಬಾಯಿಯನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಮಣ್ಣಿಗೆ ಇಡುವಾಗ ಇಷ್ಟಲಿಂಗ ಎಡಗೈಯಲ್ಲಿರಬೇಕು. ಅವಳ ಎಡಗೈಯ ಮೂರು ಬೆರಳು ಕಡ್ಡಿಯಂತೆ ನೆಟ್ಟಗಿದ್ದವು. ಎರಡು ಸಲ ಇಟ್ಟ ಲಿಂಗ ಎರಡು ಸಲವೂ ಮಡಿಲಿಗೆ ಜಾರಿತ್ತು.

“ಕೈಗೆ ಬಟ್ಟಿ ಕಟ್ಟೂಣು,” ಎಂದ.

“ಕಟ್ಟಬ್ಯಾಡ್ರಿ ಅಣ್ಣಾರ,” ಎಂದ ಅವಳ ಗಂಡ ವೀರಭದ್ರ. “ಆವಾಗ ದವಾಖಾನ್ಯಾಗ ಇಪ್ಪತ್ತು ದಿನ ಕಟ್ಟಿಸ್ಕೊಂಡು ಮಲಗಿದ್ಲು. ಸಾಕಾಗ್ಯಾದ ಆ ಕೈಗೆ.”

“ಹಂಗ ಆಗಿದ್ದು ಯಾರ ಕೈಯಿಂದ?”

ವೀರಭದ್ರ ಜಾರಿದ್ದ ಅವಳ ಸೆರಗನ್ನು ಸರಿಮಾಡಿದ.

“ಈಗ್ಯಾಕ ಆ ಮಾತು ಬಿಡ್ರಿ,” ಎಂದಳು ನೆರೆಮನೆಯ ಧೂಳಮ್ಮ. “ಆ ಮೂರು ಬೆರಳು ತೋರಿಸಿ ಬೈಯಾಕತ್ತಿದ್ಲಂದ್ರ ಮೂರು ಮಂದಿ ಕೂಡಿ ಬೈದಂಗ ಇರ್ತಿತ್ತು. ಓಣ್ಯಾಗ ಆಕಿ ಕಡಿಂದ ಬೈಸ್ಕೊಳ್ಳದವ್ರು ಯಾರೂ ಇಲ್ಲ.”

ಒಬ್ಬಿಬ್ಬರು ನಕ್ಕರು. ನಗು ಅರ್ಧಕ್ಕೇ ಅಳುವಾಯಿತು.

* * *

ಹದಿನಾಲ್ಕು ವರ್ಷದ ಹಿಂದೆ, ಹುಮನಾಬಾದಿನ ಇದೇ ಮನೆಯ ಹಿತ್ತಲಲ್ಲಿ, ಮೇವು ಕತ್ತರಿಸುವ ಯಂತ್ರದಲ್ಲಿ ಸಿಕ್ಕಿಕೊಂಡ ದಂಟನ್ನು ಅವಳು ಬಿಡಿಸುತ್ತಿದ್ದಳು. ಕರೆಂಟು ಬಂತೆಂದು ವೀರಭದ್ರ ನೋಡದೆ ಗುಂಡಿ ಒತ್ತಿದ. ತುಂಡಾದ ಮೂರು ಬೆರಳುಗಳನ್ನು ಚೀಲದಲ್ಲಿ ಕಟ್ಟಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಸೊಲ್ಲಾಪುರಕ್ಕೆ ಓಡಿದರು.

ಆಪರೇಷನ್ ಶುರುವಾದ ಐದನೆಯ ತಾಸಿಗೆ ಕೋಣೆಯಿಂದ ನರ್ಸ್ ಮೀನಾಜ್ ಹೊರಬಂದಳು.

“ಕೂದಲಿನಂಥ ರಕ್ತನಾಳ ಹೊಲ್ದಾರ್ರಿ. ಆದ್ರ ಮುಟ್ಟಿದ್ದಕ್ಕ ಅಂಜಿ ಬಿಗಿದು ಕುಂತಾವ. ರಕ್ತ ಮುಂದ ಹೋಗಾಕತ್ತಿಲ್ಲ.”

“ಮತ್ತ?” ಎಂದ ವೀರಭದ್ರ.

“ಅವುಗಳ ಮ್ಯಾಲ ಔಷಧ ಹನಿ ಹನಿ ಹಾಕ್ಯಾರ. ಜಬರದಸ್ತಿ ಮಾಡಿದ್ರ ಇನ್ನೂ ಬಿಗೀತಾವ. ಬಿಡೂತನಕ ದಾರಿ ನೋಡ್ಬೇಕು.”

ಅರ್ಧ ತಾಸಿನ ಬಳಿಕ ಬಾಗಿಲಿನಿಂದಲೇ ಹೇಳಿದಳು, ಉಗುರು ಕೆಂಪಾಗ್ಯಾವ ಎಂದು.

ಬೆರಳು ಉಳಿದವು, ಮಡಚಲಿಲ್ಲ. ಥಂಡಿ, ಬೀಡಿಯ ಹೊಗೆ ಎರಡೂ ಆ ನಾಳಗಳಿಗೆ ಆಗಿಬರುವುದಿಲ್ಲವೆಂದರು. ವೀರಭದ್ರ ಅಂದೇ ಬೀಡಿ ಬಿಟ್ಟ. ಸುಂದರಬಾಯಿ ಓಣಿಯನ್ನೆಲ್ಲ ಬೈದಳು, ಅವನನ್ನು ಮಾತ್ರ ಒಮ್ಮೆಯೂ ದೂರಲಿಲ್ಲ. ಆದರೆ ಚಳಿಗೆ ನೀಲಿಯಾದ ಆ ಕೈಯನ್ನು ಅವನು ಬೆಚ್ಚಗೆ ಹಿಡಿಯಹೋದರೆ, “ಇರ್ಲಿ, ನಾ ನೋಡ್ಕೋತೀನಿ,” ಎಂದು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಅವನೂ ಒತ್ತಾಯ ಮಾಡಲಿಲ್ಲ. ಹದಿನಾಲ್ಕು ವರ್ಷ ದಾರಿ ನೋಡಿದ.

* * *

ದುಬಲಗುಂಡಿ ದಾರಿಯ ಹೊಲದಲ್ಲಿ ಕುಣಿ ಸಿದ್ಧವಾಗಿತ್ತು. ಒಳಗಿನ ಗೂಡಿನಲ್ಲಿ ಅವಳನ್ನು ಕೂಡಿಸಿದರು. ಬಸವಣಪ್ಪ ಮತ್ತೆ ಬಟ್ಟೆ ತೆಗೆದ.

ವೀರಭದ್ರ ಕುಣಿಗಿಳಿದು ಮೊಣಕಾಲೂರಿದ. ಅವಳ ಎಡಗೈ ಎತ್ತಿ ತನ್ನ ಅಂಗೈಯ ಮೇಲಿಟ್ಟುಕೊಂಡ. ಬಸವಣಪ್ಪ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಬಗ್ಗಿ ಲಿಂಗವನ್ನು ಕೊಟ್ಟ. ನೆಟ್ಟಗಿದ್ದ ಮೂರು ಬೆರಳ ಸುತ್ತ ವೀರಭದ್ರನ ಬೆರಳು ಬಳಸಿಕೊಂಡವು. ಲಿಂಗ ನಿಂತಿತು.

“ಹಾಕ್ರಿ,” ಎಂದ.

ವಿಭೂತಿ ಬಿತ್ತು, ಪತ್ರಿ ಬಿತ್ತು, ಉಪ್ಪು, ಆಮೇಲೆ ಮಣ್ಣು. ಅವಳ ಮಡಿಲು ತುಂಬಿತು. ಅವನ ಮುಂಗೈ ಮುಚ್ಚಿತು.

“ಇನ್ನ ಬೀಳೂದಿಲ್ಲೋ, ಕೈ ತಕ್ಕೋ,” ಎಂದ ಬಸವಣಪ್ಪ. ದನಿ ಮೆತ್ತಗಾಗಿತ್ತು.

ವೀರಭದ್ರ ಮೊಣಕಾಲೂರಿಯೇ ಇದ್ದ. ಮಣ್ಣು ಮೊಣಕೈಗೆ ಬಂದಿತ್ತು. ಮೇಲೆ ಸಲಿಕೆ ಹಿಡಿದವರು ಮಣ್ಣು ಹಾಕದೆ ದಾರಿ ನೋಡುತ್ತ ನಿಂತರು.